ಟರ್ಕಿ ಕೋಳಿಗೆ ಉಪ್ಪು ಹಿಡಿಸಿ ಕೆಂಡದಲ್ಲಿ ಸುಡುವುದು: ನನ್ನ ಅನುಭವ

ಟರ್ಕಿ ಅಂದರೆ ಒಣಕಲು, ಸಪ್ಪೆ, ನಾರುನಾರು ಅಂತ ನಮ್ಮವರು ಹೇಳುವುದನ್ನು ತುಂಬಾ ಕೇಳಿದ್ದೇನೆ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಆಫೀಸಿನ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಒಂದು ತುಂಡು ತಿಂದಿರುತ್ತಾರೆ, ಆಮೇಲೆ ಅದರ ತಂಟೆಗೇ ಹೋಗುವುದಿಲ್ಲ. ಕೋಳಿಯಲ್ಲಿ ಏನೂ ತೊಂದರೆ ಇಲ್ಲ. ಉಪ್ಪು ಹಿಡಿಯಲು ಸಮಯ ಕೊಡದೆ, ಇಡೀ ಹಕ್ಕಿಯನ್ನು ಹಾಗೇ ಒಲೆಗೆ ತಳ್ಳಿ, ಎದೆ ಮಾಂಸ ಒಣಗಿಹೋಗುವವರೆಗೆ ಬೇಯಿಸಿದರೆ ಯಾವ ಕೋಳಿಯೂ ಹಾಗೇ ಆಗುತ್ತದೆ.

ನಾನು ಇರುವುದು ಷಿಕಾಗೊ ಹತ್ತಿರ, ಹುಟ್ಟೂರು ಮಂಡ್ಯ ಕಡೆ. ನವೆಂಬರ್ ಬಂತೆಂದರೆ ಹಿತ್ತಲಿನ ಇದ್ದಿಲ ಗ್ರಿಲ್ ಮೇಲೆ ಟರ್ಕಿ ಸುಡುತ್ತೇನೆ, ಬ್ಯಾಡಗಿ ಮೆಣಸಿನಕಾಯಿ ಮತ್ತು ತುಪ್ಪ ಹಾಕಿ. ನಮ್ಮ ಕನ್ನಡ ಕೂಟದ ಗೆಳೆಯರು ಹೇಗೆ ಮಾಡುತ್ತೀರಿ ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಹಕ್ಕಿ. 12 ಪೌಂಡ್, ಅಂದರೆ ಸುಮಾರು ಐದೂವರೆ ಕೆಜಿಯದ್ದು ತಗೊಳ್ಳಿ, ಎಂಟು ಹತ್ತು ಜನಕ್ಕೆ ಆರಾಮಾಗಿ ಸಾಕು. ಇನ್ನೂ ದೊಡ್ಡದು ಬೇಡ, ಗ್ರಿಲ್‌ನಲ್ಲಿ ಹಿಡಿಸುವುದಿಲ್ಲ, ಸಮವಾಗಿ ಬೇಯುವುದೂ ಇಲ್ಲ. ಜನ ಜಾಸ್ತಿ ಇದ್ದರೆ ಚಿಕ್ಕವು ಎರಡು ಮಾಡಿ. ಕೊಳ್ಳುವಾಗ ಕವರ್ ಮೇಲಿನ ಸಣ್ಣ ಅಕ್ಷರ ಓದಲೇಬೇಕು. ಫ್ರೋಜನ್ ಟರ್ಕಿಗಳಲ್ಲಿ ಎಷ್ಟೋ ಕಡೆ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ, ಶೇಕಡಾ 8ರವರೆಗೆ ಅಂತ ಬರೆದಿರುತ್ತದೆ. ಕೋಷರ್, ಅಂದರೆ ಯಹೂದಿಗಳ ಆಹಾರ ನಿಯಮದಂತೆ ಸಿದ್ಧಪಡಿಸಿದ ಟರ್ಕಿಗೂ ಉಪ್ಪು ಹಾಕಿಯೇ ಮಾರುವುದು. ಅಂಥದ್ದಕ್ಕೆ ನೀವು ಮತ್ತೆ ಪೂರ್ತಿ ಉಪ್ಪು ಹಚ್ಚಿದರೆ ಬಾಯಿಗೆ ಇಡಕ್ಕಾಗಲ್ಲ. ನಾನು ಏನೂ ಚುಚ್ಚದ ಹಕ್ಕಿಯನ್ನೇ ಹುಡುಕಿ ತರುತ್ತೇನೆ, ಬೆಲೆ ಸ್ವಲ್ಪ ಜಾಸ್ತಿ, ಆದರೆ ಉಪ್ಪು ನನ್ನ ಕೈಯಲ್ಲಿರುತ್ತದೆ.

ಮಂಜುಗಡ್ಡೆ ಕರಗಿಸುವುದಕ್ಕೆ ಫ್ರಿಜ್ಜೇ ಸರಿ. ನಾಲ್ಕೈದು ಪೌಂಡ್‌ಗೆ ಒಂದು ದಿನ ಅಂತ ಲೆಕ್ಕ. ಥ್ಯಾಂಕ್ಸ್‌ಗಿವಿಂಗ್ ಬರುವುದು ನವೆಂಬರಿನ ನಾಲ್ಕನೇ ಗುರುವಾರ, ಹಾಗಾಗಿ ಶನಿವಾರ ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಇಟ್ಟರೆ ಮಂಗಳವಾರಕ್ಕೆ ಕತ್ತರಿಸುವ ಹದಕ್ಕೆ ಬರುತ್ತದೆ. ಅಡುಗೆಮನೆ ಕಟ್ಟೆ ಮೇಲೆ ರಾತ್ರಿಯಿಡೀ ಬಿಡುವುದು ಬೇಡ, ಒಳಗೆ ಇನ್ನೂ ಗಡ್ಡೆ ಇರುವಾಗಲೇ ಹೊರಗಿನ ಮಾಂಸ ಬಿಸಿಯಾಗಿ ಕೆಡಲು ಶುರುವಾಗಿರುತ್ತದೆ. ತಡವಾದರೆ ಕವರ್ ಸಮೇತ ತಣ್ಣೀರಲ್ಲಿ ಮುಳುಗಿಸಿ, ಪೌಂಡ್‌ಗೆ ಅರ್ಧ ಗಂಟೆ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಬೇಕು. ಇನ್ನೊಂದು ಮಾತು. ಊರಲ್ಲಿ ಅರಿಶಿನ ಹಾಕಿ ಕೋಳಿ ತೊಳೆಯುವುದು ನಮ್ಮೆಲ್ಲರಿಗೂ ಅಭ್ಯಾಸ. ಇದನ್ನು ತೊಳೆಯಬೇಡಿ. ಸಿಂಕ್ ಸುತ್ತ ಹಸಿ ಮಾಂಸದ ನೀರು ಸಿಡಿಯುತ್ತದೆ, ಚರ್ಮವೂ ಒದ್ದೆಯಾಗುತ್ತದೆ. ಪೇಪರ್ ಟವೆಲಿನಲ್ಲಿ ಒತ್ತಿ ಒರೆಸಿದರೆ ಸಾಕು.

ಮಂಗಳವಾರ ಸಂಜೆ ಬೆನ್ನುಮೂಳೆ ತೆಗೆಯುವ ಕೆಲಸ. ಇಡೀ ಹಕ್ಕಿಯಲ್ಲಿ ಎದೆ ಮೇಲಕ್ಕೆ ಎದ್ದು ಬಿಸಿಗೆ ಒಡ್ಡಿಕೊಂಡಿರುತ್ತದೆ, ತೊಡೆಯ ಒಳಭಾಗ ಕೆಳಗೆ ಅಡಗಿರುತ್ತದೆ. ಎದೆ ಬೇಗ ಬೆಂದು ತೊಡೆ ಹಸಿಯಾಗೇ ಉಳಿಯುವುದು ಇದರಿಂದಲೇ. ಬೆನ್ನು ತೆಗೆದು ಚಪ್ಪಟೆ ಮಾಡಿದರೆ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಹೊಟ್ಟೆಯೊಳಗೂ ಕತ್ತಿನ ಕಡೆಯೂ ಕೈ ಹಾಕಿ ನೋಡಿ, ಕತ್ತು, ಈಲಿ, ಗುಂಡಿಗೆ ಒಂದು ಪೊಟ್ಟಣದಲ್ಲಿ ಇರುತ್ತವೆ, ತೆಗೆದಿಡಿ. ಹಕ್ಕಿಯನ್ನು ಎದೆ ಕೆಳಗಾಗಿ ಮಲಗಿಸಿ, ಬಾಲದ ಕಡೆಯಿಂದ ಬೆನ್ನುಮೂಳೆಯ ಒಂದು ಪಕ್ಕಕ್ಕೆ ಅಂಟಿಕೊಂಡೇ ಗಟ್ಟಿ ಕತ್ತರಿಯಲ್ಲಿ ಕತ್ತರಿಸುತ್ತಾ ಹೋಗಿ. ತೊಡೆ ಕೀಲಿನ ಹತ್ತಿರ ಕತ್ತರಿ ನಿಲ್ಲುತ್ತದೆ. ಅಲ್ಲಿ ಬಲ ಹಾಕುವುದರ ಬದಲು ಅರ್ಧ ಬೆರಳು ಆಚೀಚೆ ಸರಿಸಿದರೆ ಕೀಲಿನ ಸಂದು ಸಿಗುತ್ತದೆ. ಇನ್ನೊಂದು ಪಕ್ಕವೂ ಹಾಗೇ. ಆಮೇಲೆ ಮಗುಚಿ ಹಾಕಿ, ಎದೆಮೂಳೆಯ ಮೇಲೆ ಎರಡೂ ಅಂಗೈ ಇಟ್ಟು ಮೈಭಾರ ಬಿಟ್ಟರೆ ಲಟಕ್ ಅಂತ ಮುರಿದು ಅಗಲವಾಗಿ ಕೂರುತ್ತದೆ. ಈ ಬೆನ್ನುಮೂಳೆ, ಕತ್ತು ಎಸೆಯಬೇಡಿ, ಸಾರಿಗೆ ಬೇಕು. ಚರ್ಮವನ್ನಂತೂ ತೆಗೆಯಲೇಬೇಡಿ. ಊರ ಕೋಳಿ ಅಂಗಡಿಯಲ್ಲಿ ಸುಲಿಸಿಯೇ ತರುತ್ತೇವೆ, ಸಾರಿಗೆ ಅದು ಸರಿ, ಆದರೆ ಇಲ್ಲಿ ಎದೆಗೆ ರಕ್ಷಣೆ ಇರುವುದೇ ಆ ಚರ್ಮ.

ಈಗ ಮ್ಯಾರಿನೇಟ್ ವಿಷಯ. ನಮಗೆ ಮ್ಯಾರಿನೇಟ್ ಅಂದರೆ ಮೊಸರು, ಖಾರದಪುಡಿ, ಶುಂಠಿ ಬೆಳ್ಳುಳ್ಳಿ ಕಲಸಿ ರಾತ್ರಿಯಿಡೀ ಇಡುವುದು. ಕಬಾಬ್ ತುಂಡಿಗೆ ಅದು ಸರಿ, ಟರ್ಕಿಗೆ ನಾನು ಹಾಗೆ ಮಾಡುವುದಿಲ್ಲ. ಅಮ್ಮ ಒಮ್ಮೆ ವಿಡಿಯೋ ಕಾಲಿನಲ್ಲಿ ಹಕ್ಕಿ ನೋಡಿ, "ಅಷ್ಟು ದಪ್ಪ ಐತೆ, ಒಳಗೆ ಖಾರ ಹೆಂಗ್ ಹಿಡಿಯುತ್ತೋ ಮಗ? ಚಾಕುವಲ್ಲಿ ಗೀರು ಹಾಕು" ಅಂದರು. "ಗೀರು ಹಾಕಿದ್ರೆ ಚರ್ಮ ಹರಿಯುತ್ತೆ ಕಣಮ್ಮ, ಚರ್ಮದ ಒಳಗಡೆಯಿಂದಲೇ ಸವರ್ತೀನಿ" ಅಂದೆ. ಅಮ್ಮ ಕೇಳಿದ ಪ್ರಶ್ನೆ ಮಾತ್ರ ನೂರಕ್ಕೆ ನೂರು ಸರಿ. ಖಾರ ಒಳಗೆ ಹಿಡಿಯುವುದಿಲ್ಲ. ಮೆಣಸಿನಕಾಯಿ, ಧನಿಯ, ಬೆಳ್ಳುಳ್ಳಿ ಎಷ್ಟು ಹೊತ್ತು ಇಟ್ಟರೂ ಮೇಲಿನ ಕೆಲವೇ ಮಿಲಿಮೀಟರ್‌ನಲ್ಲಿ ನಿಂತುಬಿಡುತ್ತವೆ. ಮೊಸರು, ನಿಂಬೆಹಣ್ಣಿನ ಹುಳಿಯೂ ಅಷ್ಟೇ, ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಪದರ ಮೆತ್ತಗಾಗುತ್ತದೆ, ಒಳಗೆ ಏನೂ ಆಗಿರುವುದಿಲ್ಲ. ಆಳಕ್ಕೆ ಇಳಿಯುವುದು ಉಪ್ಪು ಒಂದೇ. ಅದು ಮೊದಲು ಮಾಂಸದಿಂದ ನೀರು ಎಳೆಯುತ್ತದೆ, ಆ ನೀರಲ್ಲೇ ಕರಗಿ ಮತ್ತೆ ಒಳಗೆ ಹೋಗುತ್ತದೆ, ಹೋದಮೇಲೆ ಮಾಂಸದ ಪ್ರೊಟೀನ್ ಸಡಿಲಾಗಿ ಬೇಯುವಾಗ ಹಿಂಡಿಕೊಳ್ಳುವುದು ಕಡಿಮೆಯಾಗುತ್ತದೆ, ರಸ ಒಳಗೇ ಉಳಿಯುತ್ತದೆ. ಇದಕ್ಕೆ ಎರಡು ದಿನ ಕೊಡಿ. ಕನಿಷ್ಠ ಒಂದು ದಿನ.

ಉಪ್ಪಿನ ಲೆಕ್ಕ ಚಮಚದಲ್ಲಿ ಬೇಡ, ತೂಕದಲ್ಲಿ ಇರಲಿ. ನಾನು ಹಾಕುವುದು ಮೂಳೆ ಸೇರಿದ ತೂಕಕ್ಕೆ ಕೆಜಿಗೆ 8ರಿಂದ 10 ಗ್ರಾಂ, ಅಂದರೆ ಈ ಹಕ್ಕಿಗೆ ಸುಮಾರು 50 ಗ್ರಾಂ. ಚಮಚ ಯಾಕೆ ಬೇಡ ಅಂದರೆ, ನುಣ್ಣನೆಯ ಪುಡಿ ಉಪ್ಪು ಒಂದು ಚಮಚ ತೂಗಿದರೆ ಹಗುರವಾದ ಹರಳಿನ ಕೋಷರ್ ಉಪ್ಪಿನ ಹತ್ತಿರಹತ್ತಿರ ಎರಡರಷ್ಟು ತೂಗುತ್ತದೆ. ಎದೆಗೂ ತೊಡೆಗೂ ಸ್ವಲ್ಪ ಧಾರಾಳವಾಗಿ, ರೆಕ್ಕೆಗೆ ಕಮ್ಮಿ, ಒಳಮೈಗೂ ಒಂದಿಷ್ಟು ಉದುರಿಸಿ ಸವರಿ. ಅಂಚಿರುವ ಟ್ರೇ ಮೇಲೆ ಜಾಲರಿ ಇಟ್ಟು, ಹಕ್ಕಿಯನ್ನು ಚರ್ಮ ಮೇಲಾಗಿ ಮಲಗಿಸಿ, ಏನೂ ಮುಚ್ಚದೆ ಫ್ರಿಜ್ಜಿನ ಎಲ್ಲಕ್ಕಿಂತ ಕೆಳಗಿನ ತಟ್ಟಿನಲ್ಲಿ ಇಡಿ. ಸೊಪ್ಪು, ಮೊಸರು, ಹಾಲು ಎಲ್ಲ ಮೇಲಿರಲಿ. ಗುರುವಾರ ಬೆಳಿಗ್ಗೆ ನೋಡಿದರೆ ಚರ್ಮ ಒಣಗಿ, ಬಿಗಿಯಾಗಿ, ಸ್ವಲ್ಪ ಪಾರದರ್ಶಕವಾಗಿರುತ್ತದೆ, ಒಳಗಿನ ಮಾಂಸದ ಬಣ್ಣ ಮಸುಕಾಗಿ ಕಾಣುತ್ತದೆ. ಮುಟ್ಟಿದರೆ ಬೆರಳಿಗೆ ಅಂಟಬಾರದು. ಗರಿಗರಿ ಚರ್ಮ ಬೇಕು ಅಂದರೆ ಈ ಒಣಗುವಿಕೆ ಬೇಕೇ ಬೇಕು.

ಮಸಾಲೆ ರುಬ್ಬುವುದು ಗುರುವಾರ ಬೆಳಿಗ್ಗೆ. ಕುಂದಾಪುರದ ಘೀ ರೋಸ್ಟ್ ಮಸಾಲೆಯ ದಾರಿಯಲ್ಲೇ ಹೋಗುತ್ತೇನೆ, ಮೊಸರು ಬಿಟ್ಟು. ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಮೂರು ಗುಂಟೂರು, ಎರಡು ದೊಡ್ಡ ಚಮಚ ಧನಿಯ, ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಹತ್ತು ಕಾಳು ಮೆಂತ್ಯ. ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿದು, ಒಂದು ಹಿಡಿ ಬೆಳ್ಳುಳ್ಳಿ, ಗೋಲಿಗಾತ್ರದ ಹುಣಸೆಹಣ್ಣು ಸೇರಿಸಿ, ನೀರು ಎಷ್ಟು ಸಾಧ್ಯವೋ ಅಷ್ಟು ಕಮ್ಮಿ ಹಾಕಿ ಗಟ್ಟಿಯಾಗಿ ರುಬ್ಬಿ. ಮೆಣಸಿನಕಾಯಿಯನ್ನು ಮೊದಲೇ ಬಿಸಿನೀರಲ್ಲಿ ನೆನೆಸಿಟ್ಟರೆ ನೀರು ಕಮ್ಮಿ ಸಾಕಾಗುತ್ತದೆ. ಬ್ಯಾಡಗಿಯೇ ಬೇಕು, ಯಾಕೆಂದರೆ ಅದು ಕೊಡುವ ಬಣ್ಣ, ಪರಿಮಳಕ್ಕೆ ಹೋಲಿಸಿದರೆ ಖಾರ ಕಮ್ಮಿ, ಧಾರಾಳವಾಗಿ ಸವರಬಹುದು. ಬೆಲ್ಲ ಹಾಕಬೇಡಿ, ಕೆಂಡದ ಬಿಸಿಗೆ ಸೀದು ಕಹಿಯಾಗುತ್ತದೆ. ಉಪ್ಪು ಮಸಾಲೆಗೆ ಮಾತ್ರ ಒಂದು ಚಿಟಿಕೆ, ಹಕ್ಕಿಗೆ ಹಿಡಿದಾಗಿದೆ ಅಲ್ವಾ.

ಇದನ್ನು ಸುಮಾರು 100 ಗ್ರಾಂ ತುಪ್ಪಕ್ಕೆ ಕಲಸಬೇಕು. ತುಪ್ಪ ಕಾಯಿಸಿ ಕರಗಿಸಬೇಡಿ, ಮರಳುಮರಳಾಗಿ ಮೆತ್ತಗಿರಲಿ. ಕರಗಿದ ತುಪ್ಪ ತಣ್ಣನೆ ಮಾಂಸಕ್ಕೆ ತಾಗಿದ ತಕ್ಷಣ ಅಲ್ಲೇ ಗಟ್ಟಿಯಾಗಿ ಕೂರುತ್ತದೆ, ಹರಡುವುದಿಲ್ಲ. ಎದೆಯ ಅಂಚಿನಿಂದ ಚರ್ಮದ ಕೆಳಗೆ ಬೆರಳು ತೂರಿಸಿ, ನಡುವೆ ಎದೆಮೂಳೆಯ ಗುಂಟ ತೆಳ್ಳನೆಯ ಪೊರೆ ಹಿಡಿದುಕೊಂಡಿರುತ್ತದೆ, ಅದನ್ನು ಉಗುರು ತಾಗದ ಹಾಗೆ ನಿಧಾನಕ್ಕೆ ಬಿಡಿಸಿ. ತೊಡೆಯ ಕಡೆಗೂ ಹಾಗೇ ಹೋಗಬಹುದು. ಮಸಾಲೆ ಒಂದೊಂದೇ ಉಂಡೆ ಒಳಗಿಟ್ಟು, ಚರ್ಮದ ಮೇಲಿನಿಂದ ಒತ್ತುತ್ತಾ ಹರಡಿದರೆ ಎಲ್ಲ ಕಡೆ ಸಮ ಹೋಗುತ್ತದೆ. ಒಳಮೈಗೂ ಸವರಿ. ಚರ್ಮದ ಮೇಲೆ ಸದ್ಯಕ್ಕೆ ಬರೀ ತುಪ್ಪ. ಎರಡು ಚಮಚ ಮಸಾಲೆ ಬೇರೆ ಬಟ್ಟಲಲ್ಲಿ, ಹಸಿ ಕೈ ತಾಗದ ಹಾಗೆ, ಮೊದಲೇ ತೆಗೆದಿಡಿ.

ನನ್ನದು 22 ಇಂಚಿನ ದುಂಡನೆಯ ವೆಬರ್ ಕೆಟಲ್ ಗ್ರಿಲ್. ಇದು ಹುಟ್ಟಿದ್ದೂ ಷಿಕಾಗೊದಲ್ಲೇ. ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಅನ್ನುವ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಜಾರ್ಜ್ ಸ್ಟೀಫನ್, 1952ರಲ್ಲಿ, ಅಲ್ಲಿ ತಯಾರಾಗುತ್ತಿದ್ದ, ನೀರಿನ ಮೇಲೆ ಗುರುತಿಗೆ ತೇಲಿಬಿಡುವ ಲೋಹದ ತೇಲುಬುರುಡೆಯನ್ನು ಅರ್ಧಕ್ಕೆ ಕತ್ತರಿಸಿ, ಕಾಲು, ಮುಚ್ಚಳ ಕೂಡಿಸಿ ಮಾಡಿದ್ದು. ಮೇಲೆ ಮುಚ್ಚಳ ಇರುವುದರಿಂದ ಗಾಳಿಗೆ ಕೆಂಡ ಕೆದರುವುದಿಲ್ಲ. ನವೆಂಬರಿನ ಕೊನೆಗೆ ಇಲ್ಲಿ ಬೀಸುವ ಗಾಳಿಯಲ್ಲಿ ನಿಂತು ಅಡುಗೆ ಮಾಡುವವರಿಗೆ ಆ ಮುಚ್ಚಳದ ಬೆಲೆ ಗೊತ್ತು.

ಒಂದು ಚಿಮಣಿ (ಇದ್ದಿಲು ಹೊತ್ತಿಸುವ ಲೋಹದ ಕೊಳವೆ) ತುಂಬ ಇದ್ದಿಲು ಹೊತ್ತಿಸಿ, ಮೇಲೆ ಬೂದಿ ಬಣ್ಣ ಬಂದಮೇಲೆ ಅಷ್ಟನ್ನೂ ಗ್ರಿಲ್ಲಿನ ಒಂದೇ ಪಕ್ಕಕ್ಕೆ, ಅಂಚಿನ ಗುಂಟ ಸುರಿಯಿರಿ. ಖಾಲಿ ಇರುವ ಕಡೆ ಒಂದು ಅಲ್ಯುಮಿನಿಯಂ ಟ್ರೇಯಲ್ಲಿ ಎರಡು ಲೋಟ ನೀರು, ಹೆಚ್ಚಿದ ಈರುಳ್ಳಿ. ಅದರ ಮೇಲೆ ಹಕ್ಕಿ ಬರಬೇಕು, ಕೆಂಡದ ಮೇಲೆ ನೇರವಾಗಿ ಬರಲೇಬಾರದು, ತುಪ್ಪ ತೊಟ್ಟಿಕ್ಕಿ ಉರಿ ಏಳುತ್ತದೆ. ಕಾಲುಗಳು ಕೆಂಡದ ಕಡೆಗೆ, ಎದೆ ದೂರಕ್ಕೆ. ತೊಡೆಗೆ ಜಾಸ್ತಿ ಬಿಸಿ ಬೇಕು, ಎದೆಗೆ ಕಮ್ಮಿ, ಹೀಗಿಟ್ಟರೆ ಎರಡಕ್ಕೂ ಬೇಕಾದ್ದು ಸಿಗುತ್ತದೆ. ಹೊಗೆಗೆ ಸೇಬಿನ ಮರದ ತುಂಡು ಒಂದೇ ಒಂದು, ಮುಷ್ಟಿ ಗಾತ್ರದ್ದು. ಕೋಳಿ ಜಾತಿಯ ಮಾಂಸ ಹೊಗೆಯನ್ನು ಬೇಗ ಹೀರುತ್ತದೆ, ಹಿಕರಿ ಮರ ಜಾಸ್ತಿ ಹಾಕಿದರೆ ಮಸಾಲೆಯ ಪರಿಮಳವೇ ಮುಚ್ಚಿಹೋಗುತ್ತದೆ. ಗ್ಯಾಸ್ ಗ್ರಿಲ್ ಇರುವವರು ಒಂದು ಪಕ್ಕದ ಬರ್ನರ್ ಮಾತ್ರ ಹಚ್ಚಿ ಇದೇ ಕ್ರಮದಲ್ಲಿ ಮಾಡಬಹುದು.

ಮುಚ್ಚಳ ಹಾಕಿ, ಒಳಗಿನ ಶಾಖ 325ರಿಂದ 350 ಡಿಗ್ರಿ ಫ್ಯಾರನ್‌ಹೀಟ್ (165-175 ಸೆಲ್ಸಿಯಸ್) ನಡುವೆ ನಿಲ್ಲಿಸಿ. ಮುಚ್ಚಳದ ಕಿಂಡಿ ಹಕ್ಕಿಯ ಮೇಲೆ ಬರಲಿ, ಆಗ ಬಿಸಿಗಾಳಿ ಅದನ್ನು ಸವರಿಕೊಂಡೇ ಹೊರಗೆ ಹೋಗುತ್ತದೆ. ಸುಮ್ನೆ ಸುಮ್ನೆ ತೆಗೆದು ನೋಡಬೇಡಿ, ಚಳಿಯಲ್ಲಿ ಹೋದ ಬಿಸಿ ಮತ್ತೆ ಬರುವುದಕ್ಕೆ ತುಂಬಾ ಹೊತ್ತು ಬೇಕು. ಮುಕ್ಕಾಲು ಗಂಟೆಗೊಮ್ಮೆ ಹತ್ತು ಹದಿನೈದು ಇದ್ದಿಲು ಸೇರಿಸುತ್ತೇನೆ. ಎದೆ 140 ಡಿಗ್ರಿ ದಾಟಿದ ಮೇಲೆ ತೆಗೆದಿಟ್ಟ ಮಸಾಲೆಯನ್ನು ಬಿಸಿ ತುಪ್ಪದಲ್ಲಿ ತೆಳ್ಳಗೆ ಮಾಡಿ ಚರ್ಮದ ಮೇಲೆ ಬಳಿಯುತ್ತೇನೆ. ಮೊದಲೇ ಬಳಿದರೆ ಕಪ್ಪಾಗುತ್ತದೆ. ಕೊನೆಗೆ ಬಳಿದರೆ ಕೆಂಪಗೆ, ಒಳ್ಳೆ ಹುರಿದ ಪರಿಮಳ ಬರುತ್ತದೆ, ಹಿತ್ತಲ ಬೇಲಿಯಾಚೆಯ ಮನೆಯವರು ಏನು ಮಾಡುತ್ತಿದ್ದೀರಿ ಅಂತ ಕೇಳಿಕೊಂಡು ಬರುವುದು ಈ ಹೊತ್ತಿಗೇ.

ಒಟ್ಟು ಒಂದೂವರೆಯಿಂದ ಎರಡು ಗಂಟೆ. ಆದರೆ ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ 165 ಡಿಗ್ರಿ ಫ್ಯಾರನ್‌ಹೀಟ್ (74 ಸೆಲ್ಸಿಯಸ್). ಎದೆಯ ದಪ್ಪ ಭಾಗದಲ್ಲಿ, ಮೂಳೆ ತಾಗದ ಹಾಗೆ ಚುಚ್ಚಿ, 160 ಬಂದಾಗ ಇಳಿಸುತ್ತೇನೆ. ಕಡ್ಡಿ ಅಲ್ಲೇ ಇರಲಿ, ಇಳಿಸಿದ ಮೇಲೂ ಶಾಖ ಏರಿ 165 ಮುಟ್ಟುವುದು ಕಣ್ಣಿಗೇ ಕಾಣುತ್ತದೆ. ಮುಟ್ಟದಿದ್ದರೆ ಮತ್ತೆ ಗ್ರಿಲ್‌ಗೆ. ತೊಡೆಗೆ 165 ಸಾಕಾಗುವುದಿಲ್ಲ. ತಿನ್ನಲು ಹಸಿಯಲ್ಲ ನಿಜ, ಆದರೆ ಅಗಿಯಲು ಗಟ್ಟಿ. 175ರಿಂದ 180 ಬಂದರೆ ಮೂಳೆಯಿಂದ ತಾನಾಗೇ ಬಿಡುತ್ತದೆ. ಹಕ್ಕಿಯ ಜೊತೆ ಬರುವ, ಬೆಂದಾಗ ಮೇಲೇಳುವ ಪ್ಲಾಸ್ಟಿಕ್ ಗುಂಡಿಯನ್ನು ನಾನು ನೋಡುವುದೇ ಇಲ್ಲ. ಇನ್ನು, ಹೊಗೆ ತಾಗಿದ ಮಾಂಸ ಅಂಚಿನಲ್ಲಿ ಗುಲಾಬಿ ಬಣ್ಣ ಇರುತ್ತದೆ. ಅತಿಥಿಗಳು ಹಸಿ ಅಂದುಕೊಂಡು ಹೆದರುತ್ತಾರೆ, ಶಾಖ ಸರಿಯಾಗಿ ಬಂದಿದ್ದರೆ ಹೆದರಬೇಕಿಲ್ಲ.

ಅರ್ಧ ಗಂಟೆ ಹಾಗೇ ಬಿಡಿ. ಫಾಯಿಲ್ ಸುತ್ತಬೇಡಿ, ಹಬೆಗೆ ಚರ್ಮ ಮೆತ್ತಗಾಗುತ್ತದೆ. ಮೊದಲು ಕಾಲು ಬೇರೆ ಮಾಡಿ, ತೊಡೆಯ ಮಾಂಸ ಬಿಡಿಸಿ. ಕೆಳಗಾಲಿನಲ್ಲಿ ಕಡ್ಡಿಯಂಥ ಗಟ್ಟಿ ನರಗಳಿರುತ್ತವೆ, ಮಕ್ಕಳಿಗೆ ಕೊಡುವ ಮುಂಚೆ ಎಳೆದು ತೆಗೆಯಿರಿ. ಎದೆಯ ಎರಡು ಭಾಗ ಇಡಿಯಾಗಿ ಮೂಳೆಯಿಂದ ಬಿಡಿಸಿ, ಆಮೇಲೆ ಅಡ್ಡಡ್ಡ ಕತ್ತರಿಸಿದರೆ ಒಂದೊಂದು ಹೋಳಿಗೂ ಒಂದು ಅಂಚು ಚರ್ಮ, ಸ್ವಲ್ಪ ಮಸಾಲೆ ಬರುತ್ತದೆ. ಕೆಳಗಿನ ಟ್ರೇಯಲ್ಲಿ ಬಿದ್ದ ತುಪ್ಪ, ಮಸಾಲೆ, ರಸವನ್ನು ಸೋಸಿ, ಮೇಲಿನ ಜಿಡ್ಡು ತೆಗೆದು ಒಂದು ಕುದಿ ಕುದಿಸಿದರೆ ನೀರು ದೋಸೆಗೆ ನೆಂಚಿಕೊಳ್ಳಲು ಅದಕ್ಕಿಂತ ಒಳ್ಳೆಯದು ಬೇಡ. ಅಮೆರಿಕದ ಗೆಳೆಯರು ಆಲೂಗಡ್ಡೆಗೆ ಹಾಕಿಕೊಳ್ಳುತ್ತಾರೆ, ಅದಕ್ಕೂ ಹೊಂದುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ನಮ್ಮಲ್ಲಿ ಶುಕ್ರವಾರ ಮುದ್ದೆ ಸಾರು. ಬೆನ್ನುಮೂಳೆ, ಕತ್ತು, ಸುಟ್ಟ ಎದೆಗೂಡು ಎಲ್ಲ ಒಂದು ದೊಡ್ಡ ಪಾತ್ರೆಯಲ್ಲಿ ಮೂರು ಗಂಟೆ ಸಣ್ಣಗೆ ಕುದಿಸಿ ಸೋಸಿ, ತೆಂಗಿನಕಾಯಿ, ಹುರಿಗಡಲೆ, ಚಕ್ಕೆ ಲವಂಗ, ಈರುಳ್ಳಿ ಹುರಿದು ರುಬ್ಬಿ ಹಾಕಿ. ಹೊಗೆಯ ವಾಸನೆ ಸಾರಿಗೆ ಇಳಿದಿರುತ್ತದೆ, ಅದು ಬೇರೆ ಯಾವ ಕೋಳಿ ಸಾರಿನಲ್ಲೂ ಸಿಗದ ರುಚಿ. ತೊಡೆ ಮಾಂಸ ಸಾರಿನಲ್ಲಿ ಕುದಿಯಬಹುದು. ಎದೆ ಮಾಂಸ ಮಾತ್ರ ಪಾತ್ರೆಗೆ ಹಾಕಬೇಡಿ, ಅದನ್ನು ತೆಳ್ಳಗೆ ಸೀಳಿ ತಟ್ಟೆಗೆ ಹಾಕಿ, ಮೇಲೆ ಕುದಿಯುವ ಸಾರು ಬಿಡಿ.