ಗಾಯಕರ ದನಿ ಬಲಬಾಗಿಲಿನಿಂದಲ್ಲ, ಎದುರಿನಿಂದ ಕೇಳಬೇಕಾದರೆ: ಕಾರ್ ಸ್ಪೀಕರ್‌ಗಳ ಜೋಡಣೆ ಮತ್ತು ಹೊಂದಾಣಿಕೆ

ಮನೆಯಲ್ಲಿ ಎರಡು ಸ್ಪೀಕರ್‌ಗಳಿಂದ ಸಮದೂರದಲ್ಲಿ ಕುಳಿತು ಒಳ್ಳೆಯ ಸ್ಟೀರಿಯೊ ಧ್ವನಿಮುದ್ರಣ ಕೇಳಿದರೆ, ಗಾಯಕರ ದನಿಯು ಸ್ಪೀಕರೇ ಇಲ್ಲದ ನಡುಜಾಗದಿಂದ ಬರುತ್ತಿದೆ ಎನ್ನಿಸುತ್ತದೆ. ಪಿಟೀಲು ಒಂದು ಪಕ್ಕಕ್ಕೆ, ಮೃದಂಗ ಇನ್ನೊಂದು ಪಕ್ಕಕ್ಕೆ ನಿಲ್ಲುತ್ತದೆ. ಆಡಿಯೊ ಆಸಕ್ತರು ಇದನ್ನು ಇಮೇಜಿಂಗ್ ಎನ್ನುತ್ತಾರೆ. ನಮ್ಮ ಕಾರುಗಳಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಲಬಾಗಿಲಿನ ಸ್ಪೀಕರ್ ಅವನ ಕಾಲಿನ ಪಕ್ಕದಲ್ಲೇ ಇರುತ್ತದೆ, ಎಡಬಾಗಿಲಿನದು ದೂರ ಉಳಿಯುತ್ತದೆ. ಹೀಗಾಗಿ ಇಡೀ ಕಛೇರಿ ಬಲಬಾಗಿಲಿಗೆ ಹೋಗಿ ಅಂಟಿಕೊಳ್ಳುತ್ತದೆ. ದುಬಾರಿ ಸ್ಪೀಕರ್ ಹಾಕಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಮುಂಬಾಗಿಲುಗಳಲ್ಲಿ 6.5 ಇಂಚಿನ ವೂಫರ್ (ಕೆಳ ಮತ್ತು ನಡುಸ್ವರಗಳ ಸ್ಪೀಕರ್), ಪ್ರತ್ಯೇಕ ಟ್ವೀಟರ್ (ಮೇಲ್ಸ್ವರಗಳ ಸಣ್ಣ ಸ್ಪೀಕರ್), ಡಿಕ್ಕಿಯಲ್ಲೊಂದು ಸಬ್‌ವೂಫರ್ (ತೀರಾ ಕೆಳಗಿನ ಬೇಸ್‌ಗೆ ಮೀಸಲಾದ ಸ್ಪೀಕರ್) ಮತ್ತು ಇವೆಲ್ಲವನ್ನೂ ಬೇರೆಬೇರೆಯಾಗಿ ನಿಯಂತ್ರಿಸುವ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಇರುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಒಂದನ್ನು ಗಮನದಲ್ಲಿಟ್ಟುಕೊಂಡು ಇಲ್ಲಿ ಕೆಲಸದ ಕ್ರಮವನ್ನು ವಿವರಿಸಲಾಗಿದೆ.

ಕಿವಿ ದಿಕ್ಕನ್ನು ಗುರುತಿಸುವುದು ಹೇಗೆ

ಸುಮಾರು 1,500 ಹರ್ಟ್ಸ್ ಆವರ್ತನಕ್ಕಿಂತ (ಸೆಕೆಂಡಿಗೆ ಅಷ್ಟು ಕಂಪನಗಳು) ಕೆಳಗಿನ ಸ್ವರಗಳ ದಿಕ್ಕನ್ನು ನಾವು ಮುಖ್ಯವಾಗಿ ಎರಡು ಕಿವಿಗಳಿಗೆ ಶಬ್ದ ತಲುಪುವ ಕಾಲದ ವ್ಯತ್ಯಾಸದಿಂದಲೂ, ಅದಕ್ಕಿಂತ ಮೇಲಿನವುಗಳನ್ನು ಶಬ್ದದ ಪ್ರಮಾಣದ, ಅಂದರೆ ಜೋರಿನ, ವ್ಯತ್ಯಾಸದಿಂದಲೂ ಗುರುತಿಸುತ್ತೇವೆ. ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ಒಂದೇ ಶಬ್ದವು ಎರಡು ಕಡೆಯಿಂದ ತುಸು ಹಿಂದುಮುಂದಾಗಿ ಬಂದರೆ ಮೊದಲು ಬಂದ ಕಡೆಯನ್ನೇ ಕಿವಿ ಮೂಲವೆಂದು ನಂಬುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಕಾರಿನ ಬ್ಯಾಲೆನ್ಸ್ ಗುಂಡಿಯನ್ನು ಎಡಕ್ಕೆ ತಿರುಗಿಸಿದರೂ ಪೂರ್ತಿ ಸಮಾಧಾನ ಸಿಗದಿರುವುದು ಇದರಿಂದಲೇ. ಆ ಗುಂಡಿ ಪ್ರಮಾಣವನ್ನು ಬದಲಿಸುತ್ತದೆಯೇ ಹೊರತು ಕಾಲವನ್ನಲ್ಲ.

ಇನ್ನೊಂದು ತೊಡಕೂ ಇದೆ. ಎಡ ಮತ್ತು ಬಲ ವೂಫರ್‌ಗಳ ದೂರದಲ್ಲಿ 45 ಸೆಂಟಿಮೀಟರ್ ವ್ಯತ್ಯಾಸವಿದ್ದರೆ, ಅದು ಸುಮಾರು 380 ಹರ್ಟ್ಸ್‌ನ ಅರ್ಧ ತರಂಗಾಂತರಕ್ಕೆ ಸಮ. ಆ ಆವರ್ತನದ ಸುತ್ತ ಎರಡೂ ಕಡೆಯ ತರಂಗಗಳು ಚಾಲಕನ ತಲೆಯ ಬಳಿ ಪರಸ್ಪರ ಕುಗ್ಗಿಸಿಕೊಳ್ಳುತ್ತವೆ, ದನಿ ಸೊರಗುತ್ತದೆ. ಈ ಕುಳಿಯನ್ನು ಈಕ್ವಲೈಜರ್‌ನಿಂದ (ಒಂದೊಂದು ಆವರ್ತನದ ಶಬ್ದವನ್ನು ಏರಿಸಿ ಇಳಿಸುವ ನಿಯಂತ್ರಣ) ತುಂಬಲು ಹೊರಟರೆ ಆಂಪ್ಲಿಫೈಯರ್‌ನ ಶಕ್ತಿ ಖರ್ಚಾಗುತ್ತದೆ, ಕುಳಿ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಈಕ್ವಲೈಜರ್ ಮುಟ್ಟುವ ಸರದಿ ಕೊನೆಯದು.

ಬಾಗಿಲು ಮತ್ತು ಟ್ವೀಟರ್

ವೂಫರ್‌ನ ಜಾಗವನ್ನು ಕಾರು ತಯಾರಕರೇ ನಿರ್ಧರಿಸಿರುತ್ತಾರೆ. ಅದನ್ನು ಬದಲಿಸುವ ಗೋಜಿಗೆ ಹೋಗಬೇಕಿಲ್ಲ. ಆದರೆ ಬಾಗಿಲನ್ನು ಗಟ್ಟಿ ಮಾಡಬೇಕು. ಡೋರ್ ಪ್ಯಾಡ್ ಬಿಚ್ಚಿದರೆ ಒಳತಗಡಿನಲ್ಲಿ ದೊಡ್ಡ ತೂತುಗಳು ಕಾಣುತ್ತವೆ. ವೂಫರ್‌ನ ಹಿಂಬದಿಯ ಶಬ್ದವು ಅವುಗಳ ಮೂಲಕ ಹೊರಬಂದು ಮುಂಬದಿಯ ಶಬ್ದವನ್ನು ಅಳಿಸುವುದರಿಂದ ಬೇಸ್ ಕುಗ್ಗುತ್ತದೆ. ಹೊರತಗಡಿನ ಒಳಮೈಗೆ ಡ್ಯಾಂಪಿಂಗ್ ಶೀಟ್ (ತಗಡಿನ ಕಂಪನ ತಗ್ಗಿಸುವ ಹಾಳೆ) ಅಂಟಿಸಿ, ಒಳತಗಡಿನ ತೂತುಗಳನ್ನು ಮುಚ್ಚಿ, ವೂಫರ್ ಅಲುಗದಂತೆ ಗಟ್ಟಿಯಾದ ರಿಂಗಿನ ಮೇಲೆ ಕೂರಿಸಬೇಕು. ಬಾಗಿಲಿನ ತಳದಲ್ಲಿ ನೀರು ಇಳಿಯುವ ರಂಧ್ರಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಕರಾವಳಿ, ಮಲೆನಾಡಿನ ಮಳೆಗಾಲ ಒಂದು ಸಾಕು, ಒಳಗೆ ನಿಂತ ನೀರಿಗೆ ಬಾಗಿಲು ತುಕ್ಕು ಹಿಡಿಯಲು.

ಟ್ವೀಟರ್‌ನ ವಿಷಯದಲ್ಲಿ ನಮಗೆ ನಿಜವಾದ ಆಯ್ಕೆಯಿದೆ. ಸೈಡ್ ಮಿರರ್‌ನ ಒಳಬದಿಯ ತ್ರಿಕೋನದ ಜಾಗವು ಬಹುತೇಕ ಕಾರುಗಳಲ್ಲಿ ಉತ್ತಮ ರಾಜಿ: ದನಿ ಡ್ಯಾಶ್‌ಬೋರ್ಡ್‌ನ ಎತ್ತರಕ್ಕೆ ಏರುತ್ತದೆ, ವೂಫರ್‌ನಿಂದ ತೀರಾ ದೂರವೂ ಆಗುವುದಿಲ್ಲ. ಡ್ಯಾಶ್‌ಬೋರ್ಡ್‌ನ ಮೂಲೆಗಳಲ್ಲಿಟ್ಟರೆ ದನಿ ಇನ್ನಷ್ಟು ಮುಂದಕ್ಕೆ ಸರಿಯಬಹುದು, ಆದರೆ ಮುಂಗಾಜಿನಿಂದ ಬರುವ ಪ್ರತಿಫಲನ ಹೆಚ್ಚುತ್ತದೆ. ವಿಂಡ್‌ಶೀಲ್ಡ್ ಪಕ್ಕದ ಕಂಬದಲ್ಲಿ ಕೂರಿಸಿದರೆ ನೋಡಲು ಚಂದ. ಆದರೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಏರ್‌ಬ್ಯಾಗ್ ಆ ಕಂಬದ ಮುಚ್ಚಳದ ಹಿಂದೆಯೇ ಅಡಗಿರುವ ಸಾಧ್ಯತೆ ಇರುವುದರಿಂದ ಅಲ್ಲಿ ಕೊರೆಯುವುದು ಪ್ರಾಣಕ್ಕೇ ಅಪಾಯ. ಎರಡೂ ಟ್ವೀಟರ್‌ಗಳ ಮುಖವನ್ನು ಮೊದಲಿಗೆ ಮುಂದಿನ ಎರಡು ಸೀಟುಗಳ ನಡುವಿನ ಬಿಂದುವಿನತ್ತ ತಿರುಗಿಸಿ, ಡಬಲ್ ಸೈಡ್ ಟೇಪಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಕೋನ ಬದಲಿಸುತ್ತ ಕೆಲವು ದಿನ ಕೇಳಿ ನೋಡಿದ ಮೇಲಷ್ಟೇ ತೂತು ಕೊರೆಯುವುದು ಜಾಣತನ.

ಪೋಲಾರಿಟಿ ಪರೀಕ್ಷೆ

ಪೋಲಾರಿಟಿ ಎಂದರೆ ಪ್ಲಸ್ ಮೈನಸ್ ತಂತಿಗಳ ಸರಿಯಾದ ಜೋಡಣೆ. ವೂಫರ್‌ನ ತಂತಿಗಳನ್ನು ಆಂಪ್ಲಿಫೈಯರ್‌ನಿಂದ ಬಿಡಿಸಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಆಗುವಂತೆ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಕೋನ್ ಹೊರಕ್ಕೆ ಚಿಮ್ಮಬೇಕು. ಎಡಬಲ ಎರಡೂ ಹೊರಕ್ಕೇ ಬಂದರೆ ಸರಿ. ಟ್ವೀಟರ್‌ಗೆ ಈ ಪ್ರಯೋಗ ಬೇಡ, ಅದು ಹಾಳಾಗಬಹುದು. ಕೆಲವು ಅಂಗಡಿಗಳಲ್ಲಿ ಬೇಕೆಂದೇ ಒಂದು ಬದಿಯ ತಂತಿಯನ್ನು ತಿರುಗಿಸಿ ಗಾಯಕರ ದನಿಯನ್ನು ನಡುವಿಗೆ ತರುವ ರೂಢಿಯಿದೆ. ಮೇಲೆ ಹೇಳಿದ 380 ಹರ್ಟ್ಸ್‌ನ ಆಸುಪಾಸಿನಲ್ಲಿ ಇದು ಫಲ ಕೊಟ್ಟಂತೆ ಕಂಡರೂ ಕೆಳಗಿನ ಬೇಸ್ ಮಾಯವಾಗುತ್ತದೆ. ಡಿಎಸ್‌ಪಿ ಇರುವಾಗ ಇಂಥ ಅಡ್ಡದಾರಿ ಅನಗತ್ಯ.

ಕ್ರಾಸ್‌ಓವರ್ ಮತ್ತು ಕಾಲದ ಹೊಂದಾಣಿಕೆ

ಯಾವ ಸ್ವರ ಯಾವ ಸ್ಪೀಕರ್‌ಗೆ ಹೋಗಬೇಕೆಂದು ಬೇರ್ಪಡಿಸುವುದೇ ಕ್ರಾಸ್‌ಓವರ್. ಆರಂಭಕ್ಕೆ ಸಬ್‌ವೂಫರ್ ಮತ್ತು ಬಾಗಿಲಿನ ವೂಫರ್‌ಗಳನ್ನು 80 ಹರ್ಟ್ಸ್‌ನಲ್ಲಿ, ವೂಫರ್ ಮತ್ತು ಟ್ವೀಟರ್‌ಗಳನ್ನು 3,000 ಹರ್ಟ್ಸ್‌ನ ಆಸುಪಾಸಿನಲ್ಲಿ, ಆಕ್ಟೇವ್‌ಗೆ (ಆವರ್ತನ ಇಮ್ಮಡಿ ಅಥವಾ ಅರ್ಧ ಆಗುವ ಅಂತರ) 24 ಡೆಸಿಬೆಲ್ ಇಳಿಜಾರಿನಲ್ಲಿ ಬೇರ್ಪಡಿಸಬಹುದು. ಟ್ವೀಟರ್‌ನ ತಯಾರಕರು ಸೂಚಿಸಿದ ಕನಿಷ್ಠ ಮಿತಿಗಿಂತ ಕೆಳಗಿಳಿಯಬಾರದು. ಹಿಂದಿನ, ಮುಂದಿನ ಸ್ಪೀಕರ್‌ಗಳ ನಡುವೆ ಶಬ್ದ ಹಂಚುವ ಫೇಡರನ್ನು ಪೂರ್ತಿ ಮುಂದಕ್ಕೆ ತಂದು ಹಿಂದಿನ ಸ್ಪೀಕರ್‌ಗಳನ್ನು ಸುಮ್ಮನಾಗಿಸಿ.

ಇನ್ನು ಬೇಕಿರುವುದು ಒಂದು ಅಳತೆ ಟೇಪು ಮತ್ತು ಒಬ್ಬ ಸಹಾಯಕ. ವಾಹನ ಓಡಿಸುವ ಭಂಗಿಯಲ್ಲೇ ಕುಳಿತು, ತಲೆಯ ನಡುಬಿಂದುವಿನಿಂದ ಪ್ರತಿ ಸ್ಪೀಕರ್‌ಗೆ ಇರುವ ದೂರವನ್ನು ಅಳೆಯಬೇಕು. ಉದಾಹರಣೆಗೆ ಬಲ ಟ್ವೀಟರ್ 75, ಬಲ ವೂಫರ್ 95, ಎಡ ಟ್ವೀಟರ್ 120, ಎಡ ವೂಫರ್ 140, ಸಬ್‌ವೂಫರ್ 165 ಸೆಂಟಿಮೀಟರ್ ದೂರದಲ್ಲಿವೆ ಎಂದುಕೊಳ್ಳೋಣ. ಶಬ್ದವು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಿಲಿಸೆಕೆಂಡಿಗೆ ಸುಮಾರು 34.3 ಸೆಂಟಿಮೀಟರ್ ಸಾಗುತ್ತದೆ. ಎಲ್ಲ ಸ್ಪೀಕರ್‌ಗಳ ಶಬ್ದವೂ ಒಟ್ಟಿಗೆ ಕಿವಿ ತಲುಪಬೇಕಾದರೆ ಹತ್ತಿರದವುಗಳನ್ನು ಡಿಎಸ್‌ಪಿಯಲ್ಲಿ ಅಷ್ಟಷ್ಟು ತಡಮಾಡಿಸಬೇಕು. ಎಲ್ಲಕ್ಕಿಂತ ದೂರದ ಸ್ಪೀಕರ್‌ಗೆ ವಿಳಂಬ ಸೊನ್ನೆ. ಉಳಿದವುಗಳ ದೂರವನ್ನು 165ರಿಂದ ಕಳೆದು 34.3ರಿಂದ ಭಾಗಿಸಿದರೆ ಬಲ ಟ್ವೀಟರ್‌ಗೆ 2.62, ಬಲ ವೂಫರ್‌ಗೆ 2.04, ಎಡ ಟ್ವೀಟರ್‌ಗೆ 1.31, ಎಡ ವೂಫರ್‌ಗೆ 0.73 ಮಿಲಿಸೆಕೆಂಡ್ ವಿಳಂಬ ಬರುತ್ತದೆ. ಈ ಅಂಕಿಗಳನ್ನು ತುಂಬಿದ ಕೂಡಲೇ ದನಿ ಬಾಗಿಲು ಬಿಟ್ಟು ಡ್ಯಾಶ್‌ಬೋರ್ಡ್‌ನ ಕಡೆಗೆ ಸರಿಯುವುದು ಸ್ಪಷ್ಟವಾಗಿ ತಿಳಿಯುತ್ತದೆ. ಬಳಿಕ 0.05 ಮಿಲಿಸೆಕೆಂಡಿನಷ್ಟು ಸಣ್ಣ ಹೆಜ್ಜೆಗಳಲ್ಲಿ, ಕಿವಿಯನ್ನೇ ನಂಬಿ ತಿದ್ದಬೇಕು.

ತಿದ್ದಲು ಬೇಕಾದುದು ಮೋನೊ ಧ್ವನಿಮುದ್ರಣ, ಅಂದರೆ ಎಡಬಲ ಎರಡರಲ್ಲೂ ಒಂದೇ ಶಬ್ದವಿರುವಂಥದ್ದು. 1960ರ ದಶಕದ ಕನ್ನಡ ಚಿತ್ರಗೀತೆಗಳು ಇದಕ್ಕೆ ಹೇಳಿಮಾಡಿಸಿದಂತಿವೆ: ಗಾಯನವೂ ವಾದ್ಯಗಳೂ ಒಂದೇ ಬಿಂದುವಿನಿಂದ ಹೊಮ್ಮಬೇಕು. ಆಮೇಲೆ ಕೃತಕವಾಗಿ ಸ್ಟೀರಿಯೊ ಮಾಡಿದ ಆವೃತ್ತಿಗಳು ಪ್ರಯೋಜನಕ್ಕೆ ಬಾರವು. ದನಿ ಇನ್ನೂ ಬಲಕ್ಕೆ ಎಳೆಯುತ್ತಿದ್ದರೆ ಬಲಬದಿಯ ಪ್ರಮಾಣವನ್ನು ಒಂದೆರಡು ಡೆಸಿಬೆಲ್ ಇಳಿಸಿ.

ಈಕ್ವಲೈಜರ್ ಮತ್ತು ಸಬ್‌ವೂಫರ್

ಗಾಯಕರು ಕೆಳಸ್ವರದಲ್ಲಿ ನಡುವಿನಲ್ಲಿದ್ದು, ತಾರಸ್ಥಾಯಿಗೆ ಏರಿದಾಗ ಪಕ್ಕಕ್ಕೆ ಜಿಗಿದರೆ, ಆ ಆವರ್ತನಗಳಲ್ಲಿ ಎಡಬಲಗಳ ಪ್ರಮಾಣ ಬೇರೆಬೇರೆ ಇದೆಯೆಂದೇ ಅರ್ಥ. ಅಳತೆಯ ಮೈಕ್ ಒಂದನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಜಾರ್ಡ್ ತಂತ್ರಾಂಶದಲ್ಲಿ ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಬೆರೆತ ಪರೀಕ್ಷಾ ಸದ್ದು) ಹಾಕಿ, ತಲೆಯಿರುವ ಜಾಗದ ಸುತ್ತ ಮೈಕನ್ನು ನಿಧಾನವಾಗಿ ಆಡಿಸುತ್ತ ಎಡವನ್ನೂ ಬಲವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಗುರಿ ಏನೆಂದರೆ, ತೆರೆಯ ಮೇಲೆ ಮೂಡುವ ಎಡಬಲಗಳ ಎರಡು ಗೆರೆಗಳೂ ಒಂದನ್ನೊಂದು ಹೋಲುವುದು, ಅವು ನೇರವಾಗಿರಬೇಕಿಲ್ಲ. ಬೇಸ್ ಕಡೆ ತುಸು ಎತ್ತರವಾಗಿದ್ದು ಮೇಲ್ಸ್ವರಗಳತ್ತ ಮೆಲ್ಲಗೆ ಇಳಿಯುವ ಗೆರೆಯೇ ಕಾರಿನಲ್ಲಿ ಕಿವಿಗೆ ಹಿತ. ಉಬ್ಬುಗಳನ್ನು ತಗ್ಗಿಸಿ, ಕಿರಿದಾದ ಆಳದ ಕುಳಿಗಳನ್ನು ಬಿಟ್ಟುಬಿಡಿ.

ಸಬ್‌ವೂಫರ್ ಡಿಕ್ಕಿಯಲ್ಲಿದ್ದರೂ ಬೇಸ್ ಮುಂದಿನಿಂದ ಬರುವಂತೆ ಕೇಳಿಸುವುದು ಸಾಧ್ಯ, ಏಕೆಂದರೆ 80 ಹರ್ಟ್ಸ್‌ಗಿಂತ ಕೆಳಗಿನ ಶಬ್ದದ ದಿಕ್ಕು ಕಿವಿಗೆ ಸುಲಭವಾಗಿ ತಿಳಿಯದು. ಅದರ ತರಂಗವನ್ನು ತಿರುವುಮುರುವಾಗಿಸುವ ಫೇಸ್ ಸ್ವಿಚ್ಚನ್ನು ಆಚೀಚೆ ಮಾಡಿ, ಚಾಲಕನ ಸೀಟಿನಲ್ಲಿ 80 ಹರ್ಟ್ಸ್‌ನ ಸುತ್ತಲಿನ ಬೇಸ್ ಯಾವುದರಲ್ಲಿ ತುಂಬಿ ಕೇಳುತ್ತದೋ ಅದನ್ನು ಉಳಿಸಿಕೊಳ್ಳಿ. ಅಷ್ಟಾದರೂ ಬೇಸ್ ಹಿಂದಿನಿಂದಲೇ ಬಂದಂತಿದ್ದರೆ ನಂಬರ್ ಪ್ಲೇಟು, ಹಿಂದಿನ ಟ್ರೇ, ಡಿಕ್ಕಿಯ ಬಾಗಿಲು ಗಡಗಡ ಎನ್ನುತ್ತಿವೆಯೇ ನೋಡಿ. ಅವುಗಳ ಸದ್ದು ಸಬ್‌ವೂಫರ್‌ನ ಜಾಗವನ್ನು ಬಯಲು ಮಾಡುತ್ತದೆ.

ಈ ಹೊಂದಾಣಿಕೆಯೆಲ್ಲ ಚಾಲಕನೊಬ್ಬನಿಗೆ ಮಾತ್ರ; ಎಡ ಸೀಟಿನಲ್ಲಿರುವವರಿಗೆ ಮೊದಲಿಗಿಂತಲೂ ಕೆಟ್ಟದಾಗಿ ಕೇಳಬಹುದು. ಡಿಎಸ್‌ಪಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರೀಸೆಟ್‌ಗಳಿದ್ದರೆ (ಉಳಿಸಿಟ್ಟ ಹೊಂದಾಣಿಕೆಗಳು) ಎರಡನೆಯದರಲ್ಲಿ ಎಡಬಲಗಳ ವಿಳಂಬವನ್ನು ಸಮ ಮಾಡಿ ಉಳಿಸಿಟ್ಟು, ಮನೆಯವರೊಂದಿಗೆ ಹೊರಟಾಗ ಅದನ್ನೇ ಹಾಕಿಕೊಳ್ಳಬಹುದು.