ತಿರುವಿನಲ್ಲಿ ಮಾತ್ರ ಕಾರಿನ ಹಿಂದಿನಿಂದ ಸದ್ದು: ಮೂಲ ಪತ್ತೆ ಮಾಡುವ ಬಗೆ

ನೇರ ರಸ್ತೆಯಲ್ಲಿ ತೆಪ್ಪಗಿರುವ ಕಾರು ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಹಿಂದಿನಿಂದ ಸದ್ದು ಮಾಡುತ್ತಿದೆಯೇ? ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಇದನ್ನು ಗಮನಿಸಿ: ತಿರುವಿನಲ್ಲಿ ಬದಲಾಗುವುದು ಮುಖ್ಯವಾಗಿ ಎರಡೇ. ಕಾರಿನ ಭಾರ ಹೊರಬದಿಯ ಚಕ್ರಗಳ ಮೇಲೆ ವಾಲುತ್ತದೆ. ಜೊತೆಗೆ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ಸುತ್ತು ಹಾಕುತ್ತದೆ. ಸದ್ದು ಭಾರದಿಂದಲೋ, ಸುತ್ತಿನ ವ್ಯತ್ಯಾಸದಿಂದಲೋ ಎಂದು ಬೇರ್ಪಡಿಸಿಕೊಂಡರೆ ಹುಡುಕಬೇಕಾದ ಜಾಗ ಬಹಳಷ್ಟು ಕಿರಿದಾಗುತ್ತದೆ.

ಅದಕ್ಕೂ ಮೊದಲು ಡಿಕ್ಕಿ ಪೂರ್ತಿ ಖಾಲಿ ಮಾಡಿ. ಸಡಿಲವಾದ ಸ್ಟೆಪ್ನಿ, ಅದರಡಿ ಹೊರಳಾಡುವ ಜಾಕಿ ರಾಡ್, ಸರಿಯಾಗಿ ಲಾಕ್ ಆಗದ ಹಿಂದಿನ ಸೀಟು, ಇವು ಎಷ್ಟೋ ಬಾರಿ ‘ಸಸ್ಪೆನ್ಷನ್ ಹೋಗಿದೆ’ ಎಂಬ ತೀರ್ಪಿಗೆ ಕಾರಣವಾಗಿರುತ್ತವೆ. ವೀಲ್ ನಟ್‌ಗಳನ್ನೂ ಟಾರ್ಕ್ ರೆಂಚ್ (ಬಿಗಿಯನ್ನು ಅಳೆದು ತಿರುಗಿಸುವ ಸ್ಪ್ಯಾನರ್) ಹಾಕಿ ನೋಡಿ. ಎಷ್ಟು ಬಿಗಿ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಇತ್ತೀಚೆಗಷ್ಟೇ ಚಕ್ರ ಬಿಚ್ಚಿ ಹಾಕಿದ್ದರೆ ಇದನ್ನು ಬಿಡಲೇಬೇಡಿ.

ಈಗ ಎರಡು ಪರೀಕ್ಷೆ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಬಹುತೇಕ ಪೂರ್ತಿ ತಿರುಗಿಸಿ, ಗಂಟೆಗೆ 5ರಿಂದ 10 ಕಿ.ಮೀ. ವೇಗದಲ್ಲಿ ಎಡಕ್ಕೆ ನಾಲ್ಕು ಸುತ್ತು, ಬಲಕ್ಕೆ ನಾಲ್ಕು ಸುತ್ತು ಹೊಡೆಯಿರಿ. ಇಲ್ಲಿ ಭಾರ ಹೆಚ್ಚು ವಾಲುವುದಿಲ್ಲ, ಸುತ್ತಿನ ವ್ಯತ್ಯಾಸ ಮಾತ್ರ ಜಾಸ್ತಿ. ಎರಡನೆಯದು ವಾಹನಗಳಿಲ್ಲದ ಅಗಲ ರಸ್ತೆಯಲ್ಲಿ, 50–60 ಕಿ.ಮೀ. ವೇಗದಲ್ಲಿ, ಮೆಲ್ಲಗೆ ಎಡಕ್ಕೂ ಬಲಕ್ಕೂ ಒಲೆಯುವುದು. ಇಲ್ಲಿ ಭಾರದ್ದೇ ಆಟ.

ಎರಡನೆಯ ಪರೀಕ್ಷೆಯಲ್ಲಿ ‘ಗುಂಯ್’ ಎಂಬ ಸದ್ದು ಏರಿಳಿದರೆ ವೀಲ್ ಬೇರಿಂಗ್ (ಚಕ್ರ ಸರಾಗವಾಗಿ ತಿರುಗಲು ಆಧಾರವಾದ ಭಾಗ) ಮೇಲೆ ಅನುಮಾನ. ಎಡಕ್ಕೆ ತಿರುಗಿಸಿದಾಗ ಜೋರಾದರೆ ಸಾಮಾನ್ಯವಾಗಿ ಬಲಬದಿಯ ಬೇರಿಂಗ್, ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಬದಿಯದು. ಆದರೆ ಸವೆತ ಹೆಚ್ಚುಕಮ್ಮಿಯಾದ ಟೈರ್ ಕೂಡ ಹೀಗೇ ಗುಂಯ್‌ಗುಡುತ್ತದೆ, ಬೇರಿಂಗ್ ಬದಲಿಸಿದ ಮೇಲೂ ಸದ್ದು ಉಳಿಯುವುದು ಬಹುಪಾಲು ಇದರಿಂದಲೇ. ಟೈರಿನ ಮೇಲ್ಮೈ ಮೇಲೆ ಅಂಗೈಯನ್ನು ಎರಡೂ ದಿಕ್ಕಿಗೆ ಸವರಿ ನೋಡಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೈರೇ ತಪ್ಪಿತಸ್ಥ. ಹಿಂದಿನ ಟೈರ್ ಮುಂದಕ್ಕೆ ಹಾಕಿದಾಗ ಸದ್ದೂ ಮುಂದಕ್ಕೆ ಹೋದರೆ ಇನ್ನು ಅನುಮಾನವಿಲ್ಲ.

ಬೇರಿಂಗ್ ಖಚಿತಪಡಿಸಿಕೊಳ್ಳಲು ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿಯನ್ನು ನಂಬಿ ಕಾರಿನಡಿಗೆ ಹೋಗಬೇಡಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲಿಡಿ. ಕಿವಿಗೆ ಕೇಳದ ದೋಷ ಸ್ಪ್ರಿಂಗ್ ಮೂಲಕ ಬೆರಳಿಗೆ ತಿಳಿಯುತ್ತದೆ: ಬೀಸುಕಲ್ಲಿನಡಿ ಮರಳು ಸಿಕ್ಕಂಥ ಒರಟು ನಡುಕ. ನಂತರ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಲೊಡಕ್ ಎಂದರೆ ರಿಪೇರಿಯಾಗುವವರೆಗೆ ಓಡಿಸಬೇಡಿ.

ನಿಧಾನ ಸುತ್ತಿನಲ್ಲೇ ಸದ್ದು ಬಂದರೆ, ಅದೂ ಹಿಂಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಯಾದರೆ, ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು ಜೋಡಣೆ) ಕಡೆ ನೋಡಿ. ಅದರೊಳಗಿನ ಪುಟ್ಟ ಸ್ಪೈಡರ್ ಗೇರುಗಳು ನೇರ ಓಟದಲ್ಲಿ ತಮ್ಮ ಪಿನ್ ಮೇಲೆ ಹೆಚ್ಚುಕಡಿಮೆ ತಿರುಗುವುದೇ ಇಲ್ಲ, ತಿರುವಿನಲ್ಲಷ್ಟೇ ಅವಕ್ಕೆ ಕೆಲಸ. ಆದ್ದರಿಂದ ತಿರುವಿಗಷ್ಟೇ ಸೀಮಿತವಾದ ‘ಕಟಕಟ’ ಅವುಗಳ ಹಲ್ಲು ಅಥವಾ ವಾಷರ್ ಸವೆದ ಗುರುತು. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟಂತೆ ಬದಲಾಗುವ ಊಳಾದರೆ ಅದು ಡಿಫರೆನ್ಷಿಯಲ್‌ಗೆ ಎಂಜಿನ್ ಬಲ ತಲುಪಿಸುವ ಕ್ರೌನ್-ಪಿನಿಯನ್ ಗೇರುಗಳ ಕಥೆ, ಬೇರೆಯೇ.

ಒಂದೇ ಚಕ್ರ ಸುಮ್ಮನೆ ಜಾರಿ ಸುತ್ತದಂತೆ ತಡೆಯುವ, ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಆದರೆ ‘ಗರಗರ’ ನಡುಗುವುದು ಹೆಚ್ಚಾಗಿ ಆಯಿಲ್ ದೋಷ. ಹಳೆ ಆಯಿಲ್ ಇಳಿಸುವ ಮುನ್ನ ಮೇಲಿನ ತುಂಬುವ ಪ್ಲಗ್ ಬಿಚ್ಚಿಕೊಳ್ಳಿ. ಕೆಳಗಿನದನ್ನು ಮೊದಲು ಬಿಚ್ಚಿ, ಮೇಲಿನದು ತುಕ್ಕು ಹಿಡಿದು ಬಾರದಿದ್ದರೆ ಕಾರು ನಿಂತಲ್ಲೇ ನಿಂತಂತೆ. ಪ್ಲಗ್‌ನ ಅಯಸ್ಕಾಂತದ ಮೇಲೆ ನುಣುಪಾದ ಬೂದು ಲೇಪವಿದ್ದರೆ ಸಹಜ, ಚೂರು ಸಿಕ್ಕರೆ ಒಳಗೆ ಹಲ್ಲು ಮುರಿದಿದೆ. ಹೊಸ ಆಯಿಲ್ ಅನ್ನು ತುಂಬುವ ರಂಧ್ರದ ಅಂಚಿನವರೆಗೆ ಹಾಕಿ. ಆ ಆಯಿಲ್‌ನಲ್ಲೇ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟುಗಳ ಘರ್ಷಣೆ ಹದಗೊಳಿಸುವ ದ್ರವ) ಬೆರೆತಿದೆಯೇ ಎಂದು ಡಬ್ಬಿ ಓದಿ. ಬೆರೆತಿದ್ದರೆ ಮತ್ತೆ ಸುರಿಯಬೇಡಿ, ಹೆಚ್ಚಾದರೆ ಪ್ಲೇಟುಗಳು ಜಾರಿ ಹಿಡಿತ ತಪ್ಪುತ್ತದೆ. ಬಳಿಕ ಖಾಲಿ ಜಾಗದಲ್ಲಿ 8ರ ಆಕಾರದಲ್ಲಿ ಹತ್ತು ಸುತ್ತು ನಿಧಾನವಾಗಿ ಓಡಿಸಿದರೆ ಆಯಿಲ್ ಪ್ಲೇಟುಗಳ ನಡುವೆ ಹರಡುತ್ತದೆ.

ಲೀವರ್ ಹಾಕಿ ಬಳಸುವ ಫೋರ್ ವೀಲ್ ಡ್ರೈವ್ ಗಾಡಿಯನ್ನು ಒಣ ರಸ್ತೆಯಲ್ಲೂ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಸ್ಥಿತಿಯಲ್ಲೇ ಓಡಿಸುತ್ತಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ತಿರುವಿನಲ್ಲಿ ಜಗ್ಗಿ ‘ಧಡ್’ ಎನ್ನುವುದು ಅದರ ಸ್ವಭಾವ, ದೋಷವಲ್ಲ.

ಲೋಹ ಉಜ್ಜುವ ‘ಕಿರ್ರ್’ ಸದ್ದು ಬ್ರೇಕ್ ಮೆಲ್ಲಗೆ ಒತ್ತಿದಾಗ ನಿಂತರೆ ಅಥವಾ ಬದಲಾದರೆ, ಡಿಸ್ಕ್ ಹಿಂದಿನ ತಗಡು ಬಾಗಿದೆಯೇ, ಕಲ್ಲು ಸಿಕ್ಕಿದೆಯೇ ನೋಡಿ. ತಗಡನ್ನು ಸ್ಕ್ರೂಡ್ರೈವರ್‌ನಿಂದ ಒಂದೆರಡು ಮಿ.ಮೀ. ಆಚೆ ತಳ್ಳಿದರೆ ಸಾಕು.

‘ಕೀಚ್’ ಎನ್ನುವ ರಬ್ಬರ್ ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ಬಳೆ) ಹುಡುಕಲು ಒಬ್ಬರು ಕಾರಿನ ಮೂಲೆಯನ್ನು ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಒಂದೊಂದೇ ಬುಷ್‌ಗೆ ನೀರು ಚಿಮುಕಿಸಲಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ಸ್ವಲ್ಪ ಹೊತ್ತು ಅಡಗುತ್ತದೋ ಅದೇ. ಎಂಜಿನ್ ಆಯಿಲ್ ಹಚ್ಚಬೇಡಿ, ರಬ್ಬರ್ ಉಬ್ಬಿ ಕೆಡುತ್ತದೆ. ‘ಟಕ್’ ಎನ್ನುವ ಸ್ಟೆಬಿಲೈಜರ್ ಲಿಂಕ್ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳಿನ ಕೊಂಡಿ) ಕೂಡ ಹೀಗೆ ಒತ್ತುವಾಗ ಬೆರಳಿಟ್ಟರೆ ಗೊತ್ತಾಗುತ್ತದೆ.

ಕೊನೆಗೆ ಬೇರಿಂಗ್ ಬದಲಿಸುವುದೇ ಆದರೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲ್‌ನಲ್ಲೇ ಕಾಂತೀಯ ಉಂಗುರವಿರುತ್ತದೆ. ಅದು ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೇ ಮುಖ ಮಾಡಬೇಕು. ತಿರುವುಮುರುವಾಗಿ ಒತ್ತಿ ಕೂರಿಸಿದರೆ ಸದ್ದು ಹೋಗಿ, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತುತ್ತದೆ, ಮತ್ತೆ ಮೊದಲಿನಿಂದ ಬಿಚ್ಚಬೇಕು.