ದೇಶ ಆಮೇಲೆ, ಮೊದಲು ಸಿಲಬಸ್: ಪುಣೆಯಿಂದ ಜರ್ಮನಿಗೆ ಒಂದು ಸೆಮಿಸ್ಟರ್

ಪುಣೆಯ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಕಾಲೇಜು ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಇದನ್ನೇ: ಒಂದು ಸೆಮಿಸ್ಟರ್ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದಿ ಬರುವ ಎಕ್ಸ್‌ಚೇಂಜ್‌ಗೆ ಯಾವ ದೇಶ ಒಳ್ಳೇದು? ನಾನು ಇಲ್ಲಿ ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಾ, ಮೂರನೇ ಸೆಮಿಸ್ಟರನ್ನು ಜರ್ಮನಿಯಲ್ಲಿ ಓದಿ ಬಂದವಳು. ನನ್ನ ಉತ್ತರ ಯಾವಾಗಲೂ ಒಂದೇ. ದೇಶವನ್ನು ಆಮೇಲೆ ನೋಡೋಣ, ಮೊದಲು ನಿಮ್ಮ ಸಿಲಬಸ್ ತೆಗೆಯಿರಿ.

ಯಾಕೆ ಅಂದರೆ, ಎಕ್ಸ್‌ಚೇಂಜ್‌ಗೆ ಹೋದವರು ಇಲ್ಲಿನ ವಿದ್ಯಾರ್ಥಿಯಾಗಿಯೇ ಉಳಿಯುತ್ತಾರೆ. ಪದವಿ ಕೊಡುವುದು ಇಲ್ಲಿನ ವಿಶ್ವವಿದ್ಯಾಲಯ. ಅಲ್ಲಿ ಓದಿದ್ದನ್ನು ಇಲ್ಲಿ ಒಪ್ಪದಿದ್ದರೆ ಆ ಸೆಮಿಸ್ಟರ್ ಪೂರ್ತಿ ಮತ್ತೆ ಓದಬೇಕು. ಆಗ ಪ್ಯಾರಿಸ್ ಆದರೇನು, ಟೋಕಿಯೊ ಆದರೇನು.

ಮೊದಲು ನಾನು ನಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿಭಾಗದಿಂದ, ಹೊರದೇಶದ ವಿಶ್ವವಿದ್ಯಾಲಯಗಳ ಜೊತೆಗಿನ ಒಪ್ಪಂದಗಳ ಪಟ್ಟಿ ತಂದೆ. ಪಟ್ಟಿ ಉದ್ದವಾಗಿತ್ತು. ಆದರೆ ಅದರಲ್ಲಿ ಅವಧಿ ಮುಗಿದವು ಇದ್ದವು, ಬರೀ ಅಧ್ಯಾಪಕರಿಗೆ ಮೀಸಲಾದವು ಇದ್ದವು, ಎಂಜಿನಿಯರಿಂಗ್‌ನವರಿಗೆ ಮಾತ್ರ ಅನ್ನುವವೂ ಇದ್ದವು. ಪ್ರತಿಯೊಂದರ ಬಗ್ಗೆ ಕೇಳಿದೆ: ಈಗ ಜಾರಿಯಲ್ಲಿದೆಯಾ? ನಮ್ಮ ವಿಭಾಗಕ್ಕೆ ಅನ್ವಯಿಸುತ್ತಾ? ಅಲ್ಲಿನ ಬೋಧನಾ ಶುಲ್ಕ ಮಾಫಿ ಎಂದು ಒಪ್ಪಂದದಲ್ಲೇ ಬರೆದಿದೆಯಾ? ಇಷ್ಟು ಕೇಳುವಷ್ಟರಲ್ಲಿ ಪಟ್ಟಿ ಚಿಕ್ಕದಾಯಿತು. 1987ರಲ್ಲಿ ಶುರುವಾದ, ಯುರೋಪಿಯನ್ ಒಕ್ಕೂಟ ನಡೆಸುವ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಈಗ ಭಾರತದ ವಿದ್ಯಾರ್ಥಿಗಳೂ ಹೋಗಬಹುದು. ಅದಕ್ಕೂ ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಇರಬೇಕು, ನಮ್ಮ ಸಂಸ್ಥೆಯೇ ಹೆಸರು ಸೂಚಿಸಬೇಕು. ನೇರವಾಗಿ ಬ್ರಸೆಲ್ಸ್‌ನ ಒಕ್ಕೂಟದ ಕಚೇರಿಗೆ ಅರ್ಜಿ ಹಾಕುವ ದಾರಿ ಇಲ್ಲ. ನಾನು ಹೋದದ್ದು ಶುಲ್ಕ ಮಾಫಿಯ ಒಪ್ಪಂದದ ಮೇಲೆ, ವಿದ್ಯಾರ್ಥಿವೇತನ ಇಲ್ಲದೆ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಜರ್ಮನಿಯ ಪ್ರತಿ ವಿಭಾಗವೂ ಮಾಡ್ಯೂಲ್ ಕೈಪಿಡಿ ಪ್ರಕಟಿಸುತ್ತದೆ. ಯಾವ ಪಾಠ, ಎಷ್ಟು ಕ್ರೆಡಿಟ್, ಯಾವ ಭಾಷೆಯಲ್ಲಿ, ಮೊದಲೇ ಏನು ಓದಿರಬೇಕು, ಪರೀಕ್ಷೆ ಹೇಗೆ, ಎಲ್ಲ ಅದರಲ್ಲಿರುತ್ತದೆ. ಜನ ಗಮನಿಸದೆ ಬಿಡುವ ಒಂದು ಸಾಲು ಇದೆ: ಆ ಪಾಠ ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ ಎಂಬುದು. ಎಷ್ಟೋ ಪಾಠಗಳು ಬೇಸಿಗೆಯಲ್ಲಿ ಮಾತ್ರ ಇರುತ್ತವೆ. ನೀವು ಅಕ್ಟೋಬರ್‌ನಲ್ಲಿ ಹೋಗಿ ಇಳಿದರೆ ಅವು ಸಿಗುವುದಿಲ್ಲ. ನಾನು ಮೊದಲು ಮನಸ್ಸು ಮಾಡಿದ್ದ ವಿಶ್ವವಿದ್ಯಾಲಯವನ್ನು ಈ ಒಂದು ಸಾಲಿಗಾಗಿಯೇ ಕೈಬಿಟ್ಟೆ. ಅಲ್ಲಿನ ಜಲವಿಜ್ಞಾನದ ಪಾಠಗಳೆಲ್ಲ ಬೇಸಿಗೆಯಲ್ಲಿದ್ದವು.

ಕ್ರೆಡಿಟ್ ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ನಮ್ಮಲ್ಲಿ ಯುಜಿಸಿ ಲೆಕ್ಕದಂತೆ ಒಂದು ಥಿಯರಿ ಕ್ರೆಡಿಟ್ ಎಂದರೆ ಸೆಮಿಸ್ಟರ್‌ಗೆ 15 ಗಂಟೆ ಪಾಠ. ಯುರೋಪಿನ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್‌ನಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ. ಇದರಲ್ಲಿ ಕ್ಲಾಸು, ಮನೆಯ ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿದೆ. ಒಂದು ಸೆಮಿಸ್ಟರ್‌ಗೆ 30 ಇಸಿಟಿಎಸ್. ಹಾಗಾಗಿ ನಮ್ಮ 4 ಕ್ರೆಡಿಟ್ ಪೇಪರಿಗೆ ಅಲ್ಲಿನ 6 ಇಸಿಟಿಎಸ್ ಪಾಠವನ್ನು ಜೋಡಿಸಿದಾಗ, 'ಅವರ ಕ್ಲಾಸು ವಾರಕ್ಕೆ ಕಡಿಮೆ ಇದೆಯಲ್ಲ' ಎಂಬ ಪ್ರಶ್ನೆ ವಿಭಾಗದ ಸಭೆಯಲ್ಲಿ ಬಂದೇ ಬರುತ್ತದೆ. ನಾನು ಅದಕ್ಕೆ ತಯಾರಾಗಿದ್ದೆ. ಎಡಗಡೆ ನಮ್ಮ ಪೇಪರಿನ ಒಂದೊಂದು ಘಟಕ, ಬಲಗಡೆ ಅವರ ಪಾಠದ ವಿವರ, ಕೊನೆಯ ಕಾಲಮ್‌ನಲ್ಲಿ ಒಟ್ಟು ಗಂಟೆ. ಹೊಂದದ ಘಟಕಗಳನ್ನು ಮುಚ್ಚಿಡದೆ ಬೇರೆ ಬಣ್ಣದಲ್ಲಿ ತೋರಿಸಿದೆ. ಅವನ್ನು ನಾನೇ ಓದಿ ಇಲ್ಲಿ ಮೌಖಿಕ ಪರೀಕ್ಷೆ ಕೊಡುತ್ತೇನೆ ಎಂದು ಬರೆದೆ. ನನ್ನ ಇಡೀ ಅರ್ಜಿಯಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ಕೋಷ್ಟಕವೇ. ಅಂಕಪಟ್ಟಿಯೂ ಪ್ರಶಸ್ತಿ ಪತ್ರಗಳೂ ಅದರ ಮುಂದೆ ಹಿಂದೆ ಬಿದ್ದವು.

ಕ್ಯಾಲೆಂಡರ್ ಇನ್ನೊಂದು ತೊಡಕು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿಯವರೆಗೆ ನಡೆಯುತ್ತದೆ, ಆಮೇಲೆ ಪರೀಕ್ಷೆ. ಅಷ್ಟರಲ್ಲಿ ಪುಣೆಯಲ್ಲಿ ನಾಲ್ಕನೇ ಸೆಮಿಸ್ಟರ್ ಶುರುವಾಗಿರುತ್ತದೆ. ನಮಗೆ ಆ ಸೆಮಿಸ್ಟರ್‌ನಲ್ಲಿ ಸಂಶೋಧನಾ ಪ್ರಬಂಧವೇ ಮುಖ್ಯ. ಮೊದಲ ವಾರಗಳ ಓದಿನ ಭಾಗವನ್ನು ಅಲ್ಲಿಂದಲೇ ಮಾಡಿ, ಮಾರ್ಗದರ್ಶಕರಿಗೆ ಆನ್‌ಲೈನ್‌ನಲ್ಲಿ ವರದಿ ಕೊಡುವುದಾಗಿ ಮೊದಲೇ ಬರೆಸಿಕೊಂಡೆ. ಬಾಯಿಮಾತಿನ ಒಪ್ಪಿಗೆ ಸಾಲದು. ವಿಭಾಗದ ಮುಖ್ಯಸ್ಥರು ಬದಲಾಗಬಹುದು, ಅಲ್ವಾ?

ಇದೆಲ್ಲ ಸೇರುವ ಕಾಗದವೇ ಲರ್ನಿಂಗ್ ಅಗ್ರಿಮೆಂಟ್. ವಿದ್ಯಾರ್ಥಿ, ಇಲ್ಲಿನ ಸಂಸ್ಥೆ, ಅಲ್ಲಿನ ಸಂಸ್ಥೆ, ಮೂವರ ಸಹಿ ಬೇಕು. ಅಲ್ಲಿನ ಅಂಕ ಇಲ್ಲಿನ ಅಳತೆಗೆ ಹೇಗೆ ಬದಲಾಗುತ್ತದೆ ಎಂಬುದನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬಂದರೆ ಪಾಸು. ನಮ್ಮ ಹತ್ತರ ಅಳತೆಗೆ ಇದು ಪೂರಾ ತಿರುಗುಮುರುಗು. 2.0 ಬಂದರೆ ನನಗೆ ಇಲ್ಲಿ ಎಷ್ಟು ಎಂದು ಹೋಗುವ ಮೊದಲೇ ಲಿಖಿತವಾಗಿ ಗೊತ್ತಿತ್ತು.

ಈಗ ಅರ್ಜಿಯ ಜೊತೆ ಕೊಡುವ ಪತ್ರದ ವಿಷಯ. ಯಾಕೆ ಬರುತ್ತೀರಿ ಎಂದು ಒಂದು ಪುಟದಲ್ಲಿ ಬರೆಯಬೇಕು. 'ಹೊಸ ಸಂಸ್ಕೃತಿ ತಿಳಿಯುವ ಆಸೆ' ಎಂದು ಬರೆಯದವರಿಲ್ಲ. ನನಗೆ ಹೇಳಲು ಬೇರೆಯದಿತ್ತು. ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಅಪ್ಪನ ಕಾರ್ಖಾನೆ ಕೆಲಸಕ್ಕಾಗಿ ಪಿಂಪ್ರಿಗೆ ಬಂದವರು ನಾವು. ಪುಣೆಯ ಮುಳಾ ಮತ್ತು ಮುಠಾ ನದಿಗಳು ಊರ ನಡುವೆ ಸಂಗಮದಲ್ಲಿ ಸೇರುತ್ತವೆ. ಊರಿನ ಕೊಳಚೆಯನ್ನೂ ಹೊತ್ತು ಮುಂದೆ ಭೀಮೆಗೆ ಸೇರುತ್ತವೆ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ನಮ್ಮ ತಾಲ್ಲೂಕಿನ ಅಂಚಿಗೆ ಬರುತ್ತದೆ. ನಾನು ಓದುವ ಊರಿನ ನೀರು ನಾನು ಹುಟ್ಟಿದ ಊರಿಗೆ ಹೋಗುತ್ತದೆ. ಪತ್ರದ ಮೊದಲ ಪ್ಯಾರಾದಲ್ಲಿ ಇದನ್ನೇ ಬರೆದೆ.

ಎರಡನೇ ಪ್ಯಾರಾದಲ್ಲಿ ಮ್ಯೂನಿಕ್‌ನ ಇಸಾರ್ ನದಿ ಬಂತು. 2000ದಿಂದ 2011ರವರೆಗೆ ಅಲ್ಲಿ ಊರೊಳಗಿನ 8 ಕಿಲೋಮೀಟರ್ ನದಿಯನ್ನು ಮತ್ತೆ ಸಹಜ ಹರಿವಿಗೆ ತಂದರು. ಕಟ್ಟಿದ ದಡಗಳನ್ನು ಕಿತ್ತರು, ಪಾತ್ರಕ್ಕೆ ಅಗಲ ಕೊಟ್ಟರು, ಜಲ್ಲಿಯ ದಿಬ್ಬಗಳಿಗೆ ಜಾಗ ಬಿಟ್ಟರು. ಪ್ರವಾಹದಿಂದ ರಕ್ಷಣೆಯೂ ಜಾಸ್ತಿಯಾಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ವಿಷಯ: ನದಿಯ ಮೇಲ್ಗಡೆಯ ಊರುಗಳ ಕೊಳಚೆ ಶುದ್ಧೀಕರಣ ಘಟಕಗಳಿಗೆ ರೋಗಾಣು ಕೊಲ್ಲುವ ಅತಿನೇರಳೆ ಕಿರಣದ ವ್ಯವಸ್ಥೆ ಸೇರಿಸಿದರು. ಮೇಲಿನವರು ಸರಿ ಮಾಡಿದರೆ ಕೆಳಗಿನವರಿಗೆ ನೀರು ಸಿಗುತ್ತದೆ. ಭೀಮೆಯ ಕಥೆಯೂ ಅದೇ ತಾನೆ. ಆಮೇಲೆ ನಾನು ಓದಬೇಕೆಂದಿದ್ದ ಎರಡು ಪಾಠಗಳ ಹೆಸರು, ಅವು ನನ್ನ ಪ್ರಬಂಧಕ್ಕೆ ಹೇಗೆ ಬೇಕು ಎಂಬುದು. ಅಷ್ಟೇ. ಕೋಷ್ಟಕ ಮೊದಲೇ ತಯಾರಿದ್ದರಿಂದ ಪತ್ರ ತಾನಾಗಿ ಬಂತು. ಅಲ್ಲಿ ಏನು ಓದುತ್ತೇನೆ ಎಂದು ಗೊತ್ತಿಲ್ಲದವರಿಗೆ ಯಾಕೆ ಹೋಗುತ್ತೇನೆ ಎಂದು ಬರೆಯುವುದು ಕಷ್ಟ.

ದುಡ್ಡಿನ ಮಾತು ಬಂದಾಗ ಅಪ್ಪ ಕೇಳಿದ್ದು, "ಅಲ್ಲವ್ವಾ, ಇಲ್ಲೀ ಫೀನೂ ಕಟ್ಟಿ, ಅಲ್ಲೀದೂ ಕಟ್ಟಬೇಕೇನು?" ಬೇಡ. ಶುಲ್ಕ ಮಾಫಿ ಅಂದರೆ ಇಲ್ಲಿನದ್ದು ಮಾತ್ರ ಕಟ್ಟಿದರೆ ಸಾಕು. ಅಲ್ಲಿ ಸೆಮಿಸ್ಟರ್ ವಂತಿಗೆ ಎಂಬ ಸಣ್ಣ ಮೊತ್ತ, ಆರೋಗ್ಯ ವಿಮೆ, ಬಾಡಿಗೆ, ಊಟ ನಮ್ಮದು. ವೀಸಾಗೆ ಖರ್ಚಿನ ಪುರಾವೆ ತೋರಿಸಲು, ಹಣವನ್ನು ಮೊದಲೇ ಹಾಕಿಡುವ ಬ್ಲಾಕ್ಡ್ ಅಕೌಂಟ್ ತೆರೆದೆವು. ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952 ಯೂರೋ, ಅಂದರೆ ಸುಮಾರು 6 ಲಕ್ಷ ರೂಪಾಯಿ. ಮೊತ್ತ ನೋಡಿ ಮನೆಯಲ್ಲಿ ಎಲ್ಲರೂ ಸುಮ್ಮನಾದರು. ಅದು ಯಾರಿಗೋ ಕಟ್ಟುವ ಫೀಸು ಅಲ್ಲ, ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ನಮ್ಮ ಕೈಗೇ ಬರುತ್ತದೆ ಎಂದು ಬಿಡಿಸಿ ಹೇಳಬೇಕಾಯಿತು. ಸ್ವಲ್ಪ ಉಳಿತಾಯ, ಸ್ವಲ್ಪ ಶಿಕ್ಷಣ ಸಾಲ. ಹಣ ಸುಲಭವಾಗಿತ್ತು ಎಂದು ನಾನು ಹೇಳುವುದಿಲ್ಲ. ಮನೆಯವರಿಗೆ ಈ ಲೆಕ್ಕವನ್ನು ಅರ್ಜಿಗೆ ಮೊದಲೇ ತೋರಿಸಿ.

ಷೆಂಗೆನ್ ಪ್ರವಾಸಿ ವೀಸಾ 90 ದಿನಕ್ಕೆ ಮಾತ್ರ. ಒಂದು ಸೆಮಿಸ್ಟರ್‌ಗೆ ನ್ಯಾಷನಲ್ ವೀಸಾ ಬೇಕು, ಶುಲ್ಕ 75 ಯೂರೋ. 2025ರ ಜನವರಿಯಿಂದ ಇದರ ಅರ್ಜಿಯನ್ನು ಜರ್ಮನಿಯ ಕಾನ್ಸುಲರ್ ಪೋರ್ಟಲ್‌ನಲ್ಲೇ ತುಂಬಬಹುದು. ಬೆರಳಚ್ಚಿಗೆ ಖುದ್ದಾಗಿ ಹೋಗಬೇಕು. ಅದಕ್ಕೆ ಡೆಕ್ಕನ್ ಕ್ವೀನ್ ಹತ್ತಿ ಮುಂಬೈಗೆ ಹೋದೆ. 2025ರ ಜುಲೈ 1ರಿಂದ, ವೀಸಾ ನಿರಾಕರಿಸಿದರೆ ಕಾನ್ಸುಲೇಟ್‌ಗೇ ಪತ್ರ ಬರೆದು ಮರುಪರಿಶೀಲನೆ ಕೇಳುವ ಪದ್ಧತಿ ನಿಂತಿದೆ. ಹೊಸ ಅರ್ಜಿ ಹಾಕಬೇಕು ಇಲ್ಲವೇ ಕೋರ್ಟಿಗೆ ಹೋಗಬೇಕು. ಹಾಗಾಗಿ ಒಂದು ಕಾಗದವೂ ಕಡಿಮೆಯಾಗದಂತೆ ಕಾನ್ಸುಲೇಟ್‌ನ ಪಟ್ಟಿ ಇಟ್ಟುಕೊಂಡೇ ಜೋಡಿಸಿ. ಎಪಿಎಸ್ ಪ್ರಮಾಣಪತ್ರ, ಅಂದರೆ ನಮ್ಮ ಓದಿನ ದಾಖಲೆಗಳು ಅಸಲಿ ಎಂದು ಜರ್ಮನಿಯ ಕಡೆಯವರು ಪರಿಶೀಲಿಸಿ ಕೊಡುವ ಪತ್ರ, ನಿಮಗೆ ಬೇಕೋ, ವಿನಾಯಿತಿ ಇದೆಯೋ ಎಂಬುದನ್ನೂ ಅಲ್ಲೇ ನೋಡಿ. ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ.

ಪಾಠಗಳು ಇಂಗ್ಲಿಷ್‌ನಲ್ಲೇ ಇದ್ದವು. ಆದರೂ ಪುಣೆಯ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಎ1 ಮಟ್ಟದ ಜರ್ಮನ್ ಕಲಿತೆ, ಅದು ಉಪಯೋಗಕ್ಕೆ ಬಂತು. ಮನೆ ಸಿಕ್ಕ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವುದಿಲ್ಲ. ನಮ್ಮ ಸಂಸ್ಥೆ ನಿಮ್ಮ ಹೆಸರು ಸೂಚಿಸಿದ ದಿನವೇ ಅಲ್ಲಿನ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಕಾದರೆ ಕೋಣೆ ಸಿಗುವುದಿಲ್ಲ.

ಅಲ್ಲಿಗೆ ಹೋದ ಮೇಲೆ ಪಾಠ ಬದಲಾದರೆ, ಲರ್ನಿಂಗ್ ಅಗ್ರಿಮೆಂಟ್‌ನ ತಿದ್ದುಪಡಿಗೆ ಮತ್ತೆ ಮೂರೂ ಸಹಿ ಪಡೆಯಿರಿ. ನನ್ನ ಒಂದು ಸೆಮಿನಾರ್ ರದ್ದಾದಾಗ ಮೊದಲ ವಾರದಲ್ಲೇ ಇದನ್ನು ಮುಗಿಸಿದೆ. ಎಲ್ಲ ಪರೀಕ್ಷೆಗಳ ಅಂಕ ನಾವು ವಾಪಸ್ ಹೊರಡುವ ಹೊತ್ತಿಗೆ ಬಂದಿರುವುದಿಲ್ಲ. ಹಾಗಾಗಿ ಅಂಕಪಟ್ಟಿಯನ್ನು ನೇರವಾಗಿ ಪುಣೆಯ ಪರೀಕ್ಷಾ ವಿಭಾಗಕ್ಕೇ ಕಳಿಸುವಂತೆ, ಪ್ರತಿಯನ್ನು ನನಗೂ ಮಾರ್ಗದರ್ಶಕರಿಗೂ ಹಾಕುವಂತೆ ಅಲ್ಲಿನ ಸಂಯೋಜಕರಿಗೆ ಬರೆದುಕೊಟ್ಟು ಹೊರಟೆ. ಏಪ್ರಿಲ್‌ನಲ್ಲಿ ಅಂಕಗಳು ಬಂದವು. ಕೋಷ್ಟಕದ ಪ್ರಕಾರವೇ ನನ್ನ ಮೂರನೇ ಸೆಮಿಸ್ಟರಿನ ದಾಖಲೆಗೆ ಸೇರಿದವು.